ಪದಚರ್ಚೆ: ಕಾಯಿಲೋವರ್, ಕಂಪನಿ ಸಸ್ಪೆನ್ಷನ್, ಮತ್ತೆ ಕುಕ್ಕುವ ಕಾರು

ಗೆಳೆಯರೇ,

ಒಂದು ಪದ ಹುಡುಕಲು ಹೊರಟವನಿಗೆ ಈಗ ಏಳೆಂಟು ಪದ ಬೇಕಾಗಿವೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಕೆಲಸ ಏನು ಅಂತ ಹೇಳದೆ ಪದ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ.

ನಮ್ಮಕ್ಕನ ಮಗ ತುಮಕೂರಿನಿಂದ ಪೀಣ್ಯಕ್ಕೆ ದಿನಾ ಕಾರಿನಲ್ಲಿ ಓಡಾಡುತ್ತಾನೆ. 2018ರ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್‌ಗಳು (ಚಿಕ್ಕದಾಗಿ ‘ಶಾಕ್’) ಹೋಗಿವೆ. ಹೇಗೂ ಬದಲಾಯಿಸಬೇಕು, ಕಾಯಿಲೋವರ್ ಹಾಕಿಸಿಬಿಡಲಾ ಮಾಮ ಅಂತ ಕೇಳಿದ. ಕಾಯಿಲೋವರ್ ಅಂದರೆ ಕಾರಿನ ಎತ್ತರ ಬದಲಾಯಿಸಿಕೊಳ್ಳಬಹುದಾದ ಸ್ಪ್ರಿಂಗ್ ಮತ್ತು ಶಾಕ್‌ನ ಜೋಡಿ, ವಿವರ ಮುಂದೆ ಇದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಇರು ಅಂದೆ. ಕನ್ನಡದಲ್ಲೇ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು.

ಮೊದಲ ತೊಡಕು ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಕಾರಿನ ಮೈಗೂ ನಡುವೆ ಇರುವ ಸ್ಪ್ರಿಂಗ್, ಶಾಕ್‌ಗಳ ಜೋಡಣೆ. ಅನುವಾದದ ಆ್ಯಪ್‌ಗೆ ಹಾಕಿದರೆ ‘ಅಮಾನತು’ ಅಂತ ಬಂತು, ಅದು ಇಲ್ಲಿಗೆ ಸಲ್ಲುವುದಿಲ್ಲ. ‘ತೂಗು ವ್ಯವಸ್ಥೆ’ ಅಂತಲೂ ಓದಿದ್ದೇನೆ, ತೂಗುಸೇತುವೆಯ ತೂಗು. ಅದಕ್ಕೊಂದು ಕಾರಣ ಇದೆ. ಯುರೋಪಿನ ಹಳೇ ಸಾರೋಟುಗಳಲ್ಲಿ ಜನ ಕೂರುವ ಪೆಟ್ಟಿಗೆಯನ್ನು ದಪ್ಪ ಚರ್ಮದ ಪಟ್ಟಿಗಳಲ್ಲಿ ನಿಜವಾಗಿಯೂ ತೂಗುಹಾಕುತ್ತಿದ್ದರು. ಹೆಸರು ಅಲ್ಲಿಂದ ಉಳಿದುಕೊಂಡಿದೆ. ಆದರೆ ಇವತ್ತಿನ ಕಾರು ಎಲ್ಲೂ ತೂಗುವುದಿಲ್ಲ, ಸ್ಪ್ರಿಂಗ್ ಮೇಲೆ ಕೂರುತ್ತದೆ. ಗ್ಯಾರೇಜಿನವರು ಹೇಳುವುದೂ ಹಾಗೇ: ‘ಹಿಂದ್ಗಡೆ ಗಾಡಿ ಕೂತುಬಿಟ್ಟಿದೆ ಸಾರ್.’ ಸ್ಪ್ರಿಂಗ್ ಸೋತು ಎತ್ತರ ಇಳಿದಿದೆ ಅನ್ನುವುದನ್ನು ‘ಕೂತಿದೆ’ ಅನ್ನುವ ಒಂದೇ ಮಾತು ಹೇಳಿಬಿಡುತ್ತದೆ. ಹಾಗಾಗಿ ನಾನು ‘ತೂಗು’ ಬಿಟ್ಟೆ, ಸಸ್ಪೆನ್ಷನ್ ಅಂತಲೇ ಇಟ್ಟುಕೊಂಡೆ. ಒಪ್ಪದವರು ಹೇಳಿ.

ಎರಡನೆಯದು ‘ಕನ್ವೆನ್ಷನಲ್’, ಕಾಯಿಲೋವರ್ ಅಲ್ಲದ ಮಾಮೂಲಿ ಸಸ್ಪೆನ್ಷನ್‌ಗೆ ಇಂಗ್ಲಿಷಿನಲ್ಲಿ ಹೇಳುವ ಮಾತು. ಸಾಂಪ್ರದಾಯಿಕ ಸಸ್ಪೆನ್ಷನ್ ಅಂತ ಬರೆದು ಓದಿ ನೋಡಿದೆ. ಹಬ್ಬದ ಉಡುಗೆಗೆ ಹೇಳುವ ಮಾತು ಅದು, ಇಲ್ಲಿ ಕೂರಲಿಲ್ಲ. ಜನ ಆಡುವ ಮಾತು ‘ಕಂಪನಿ’: ಕಂಪನಿ ಪೇಂಟ್, ಕಂಪನಿ ಟೈರ್, ‘ಕಂಪನಿದೇ ಇರಲಿ ಬಿಡಿ’. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆ ಅನ್ನುವ ಅರ್ಥ ಅದರಲ್ಲಿ ಪೂರ್ತಿ ಇದೆ. ‘ಕಂಪನಿ ಸಸ್ಪೆನ್ಷನ್’ ಅಂದರೆ ಅವನಿಗೂ ಗೊತ್ತಾಗುತ್ತದೆ, ಅವನ ಮೆಕ್ಯಾನಿಕ್‌ಗೂ ಗೊತ್ತಾಗುತ್ತದೆ.

ನಿಜವಾದ ಕಷ್ಟ ಕಾಯಿಲೋವರ್‌ನದು. ಪದವನ್ನು ಬಿಡಿಸಿದರೆ ಶಾಕ್ ಅಬ್ಸಾರ್ಬರ್ ಮೇಲೆ ಸುತ್ತಿಕೊಂಡ ಸುರುಳಿ (ಅಂದರೆ ಸ್ಪ್ರಿಂಗ್) ಅಂತ ಆಗುತ್ತದೆ. ಹಾಗಂತಲೇ ಅನುವಾದ ಮಾಡಿದರೆ ತಪ್ಪು ತಿಳಿವಳಿಕೆ ಆಗುತ್ತದೆ. ಯಾಕೆಂದರೆ ಸ್ವಿಫ್ಟ್‌ನ ಮುಂದಿನ ಚಕ್ರಗಳಲ್ಲಿ ಕಂಪನಿಯಿಂದಲೇ ಸುರುಳಿ ಇರುವುದು ಶಾಕ್ ಮೇಲೆಯೇ. ಮ್ಯಾಕ್‌ಫರ್ಸನ್ ಸ್ಟ್ರಟ್ ಅನ್ನುವುದು ಅದನ್ನೇ. ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಎಂಜಿನಿಯರ್ ಮಾಡಿದ್ದು, 1950ರ ಸುಮಾರಿಗೆ ಫೋರ್ಡ್ ಕಾರುಗಳಲ್ಲಿ ಬಂತು, ಇವತ್ತು ನಮ್ಮ ಸಣ್ಣ ಕಾರುಗಳಲ್ಲಿ ಮುಂದುಗಡೆ ಹೆಚ್ಚಾಗಿ ಅದೇ ಇರುತ್ತದೆ. ಸ್ವಿಫ್ಟ್‌ನ ಹಿಂದುಗಡೆ ಮಾತ್ರ ಸುರುಳಿ ಬೇರೆ, ಶಾಕ್ ಬೇರೆ. ಹಾಗಾದರೆ ಅಂಗಡಿಯವರು ‘ಕಾಯಿಲೋವರ್ ಕಿಟ್’ ಅಂತ ಮಾರುವುದರಲ್ಲಿ ಬೇರೆ ಏನಿದೆ? ತಿರುಪು ಇದೆ. ಶಾಕ್‌ನ ಮೈಗೆ ಬೋಲ್ಟಿನ ಹಾಗೆ ತಿರುಪು ಕೊರೆದಿರುತ್ತಾರೆ, ಅದರ ಮೇಲೆ ಒಂದು ಬಳೆ ಕೂರುತ್ತದೆ, ಬಳೆಯ ಮೇಲೆ ಸುರುಳಿ ಕೂರುತ್ತದೆ. ಕೊಕ್ಕೆಯಂಥ ಸ್ಪ್ಯಾನರ್ ಹಾಕಿ ಬಳೆ ತಿರುಗಿಸಿದರೆ ಕಾರಿನ ಎತ್ತರ ಏರುತ್ತದೆ ಅಥವಾ ಇಳಿಯುತ್ತದೆ. ಕೆಲವು ಕಿಟ್‌ಗಳಲ್ಲಿ ತುದಿಯಲ್ಲೊಂದು ಗುಂಡಿ ಇರುತ್ತದೆ, ಅದನ್ನು ತಿರುವಿದರೆ ಶಾಕ್‌ನ ಬಿಗಿಯೂ ಬದಲಾಗುತ್ತದೆ. ಅಂದರೆ ಹೆಸರಲ್ಲಿ ಇರುವುದು ಸುರುಳಿ, ದುಡ್ಡು ಕೊಡುವುದು ತಿರುಪಿಗೆ. ಕನ್ನಡದ ಹೆಸರು ಈ ತಿರುಪನ್ನು ಹಿಡಿಯಬೇಕು ಅಂತ ನನ್ನ ಆಸೆ. ‘ತಿರುಪು ಶಾಕ್’ ಅಂತ ಬರೆದಿದ್ದೇನೆ. ಹೊಸದು ಅನ್ನಿಸಿದರೂ ತಿರುಪುಮೊಳೆ ಗೊತ್ತಿರುವವರಿಗೆ ಅರ್ಥವಾದೀತು ಅನ್ನಿಸುತ್ತದೆ. ನಿಮಗೇನನ್ನಿಸುತ್ತದೆ?

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಹೋದ ವಾರ ಅವನ ಜೊತೆ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಬಾನೆಟ್ಟಿನ ಒಂದು ಮೂಲೆಗೆ ಎರಡೂ ಕೈ ಊರಿ ಜೋರಾಗಿ ಅದುಮಿ ಬಿಟ್ಟರು. ಕಾರು ಎದ್ದಿತು, ಇಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು. ‘ನೋಡಿ, ನಿಲ್ತಾನೇ ಇಲ್ಲ’ ಅಂದರು. ಒಳ್ಳೇ ಶಾಕ್ ಆಗಿದ್ದರೆ ಒಂದು ಸಲ ಎದ್ದು ನಿಂತುಬಿಡಬೇಕು. ಆಮೇಲೆ ಚಕ್ರದ ಹಿಂದೆ ಕೈ ತೂರಿಸಿ ಬೆರಳು ತೋರಿಸಿದರು, ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡು ಕಪ್ಪಗೆ ಅಂಟಾಗಿತ್ತು. ಸ್ಪ್ರಿಂಗಿನ ಕೆಲಸ ಭಾರ ಹೊರುವುದು, ಶಾಕ್‌ನ ಕೆಲಸ ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು ಅಂತ ನಾನು ಅರ್ಧ ಪುಟ ಬರೆದು ಹೇಳಬೇಕಿದ್ದದ್ದನ್ನು ಅವರು ಅಂಗೈ ಊರಿ ತೋರಿಸಿದರು.

ಅಲ್ಲೇ ಕಿವಿಗೆ ಬಿದ್ದ ಮಾತುಗಳು ಇವು. ಶಾಕ್ ಸತ್ತ ಕಾರು ‘ತೇಲುತ್ತೆ’. ಸ್ಪ್ರಿಂಗ್ ಗಡುಸಾದ ಕಾರು ‘ಕುಕ್ಕುತ್ತೆ’, ಒಗೆಯುವ ಕಲ್ಲಿಗೆ ಬಟ್ಟೆ ಕುಕ್ಕಿದ ಹಾಗೆ. ಕೆಟ್ಟ ರಸ್ತೆಯಲ್ಲಿ ಯಾವ ಕಾರಾದರೂ ‘ಕುಲುಕುತ್ತೆ’. ತೇಲು, ಕುಕ್ಕು, ಕುಲುಕು. ಇಂಗ್ಲಿಷ್ ಲೇಖನಗಳಲ್ಲಿ ನಾನು ತಡಕಾಡಿದ ವ್ಯತ್ಯಾಸ ಈ ಮೂರು ಮಾತಿನಲ್ಲಿ ಇದೆ. ಹಾಗೇ ಶಾಕ್ ಒತ್ತಿಹೋಗುವುದು ಮತ್ತು ವಾಪಸ್ ಚಾಚಿಕೊಳ್ಳುವುದು, ಇವೆರಡಕ್ಕೆ ಕಂಪ್ರೆಷನ್, ರಿಬೌಂಡ್ ಅನ್ನುತ್ತಾರಲ್ವಾ, ನಾನು ‘ಕುಗ್ಗು’, ‘ಹಿಗ್ಗು’ ಅಂತ ಬರೆದೆ. ಜೋಡಿ ಮೊದಲೇ ನಮ್ಮಲ್ಲಿತ್ತು. ‘ಕುಗ್ಗುವಾಗ ಮೆತ್ತಗೆ, ಹಿಗ್ಗುವಾಗ ಬಿಗಿ’ ಅಂದರೆ ರಸ್ತೆಯಲ್ಲಿ ಓಡುವ ಶಾಕ್‌ಗಳಿಗೆ ಸಾಮಾನ್ಯವಾಗಿ ಸರಿಹೊಂದುವ ವಿವರಣೆಯೇ ಆಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಸ್ಪ್ರಿಂಗಿಗೆ ‘ಗಡುಸು’, ಶಾಕ್‌ಗೆ ‘ಬಿಗಿ’ ಅಂತ ಬೇರೆ ಬೇರೆ ಇಟ್ಟುಕೊಳ್ಳಬೇಕು. ಎರಡಕ್ಕೂ ‘ಗಟ್ಟಿ’ ಅಂದುಬಿಟ್ಟರೆ ಮುಂದಿನ ಚರ್ಚೆಯೆಲ್ಲ ಕಲಸಿಹೋಗುತ್ತದೆ.

ಅವನಿಗೆ ನಾನು ಬರೆದ ಉತ್ತರ ಏನು ಅಂತ ಕೇಳುತ್ತೀರಿ. ಕಂಪನಿದೇ ಹಾಕಿಸು ಅಂದೆ. ಆ ಕಾರಿನ ಹೊಟ್ಟೆ ನೆಲದಿಂದ 163 ಮಿಲಿಮೀಟರ್ ಮೇಲಿದೆ. ತಿರುಪು ಇಳಿಸಿ 40 ತೆಗೆದರೆ ಉಳಿಯುವುದು 123. ನಾಲ್ಕು ಜನ ಕೂತರೆ ಇನ್ನೂ ಇಳಿಯುತ್ತದೆ. ರಸ್ತೆ ಉಬ್ಬು 100 ಮಿಲಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮ. ನಮ್ಮೂರ ಒಳರಸ್ತೆಯಲ್ಲಿ ರಾತ್ರೋರಾತ್ರಿ ಹಾಕಿದ ಉಬ್ಬುಗಳು ಆ ಅಳತೆ ನೋಡಿ ಹಾಕಿದ್ದಲ್ಲ. ಎತ್ತರ ಇಳಿದರೆ ಚಕ್ರ ಮೇಲೆ ಕೆಳಗೆ ಆಡುವ ಜಾಗವೂ ಕಡಿಮೆ, ಅದಕ್ಕೇ ಸ್ಪ್ರಿಂಗ್ ಗಡುಸಾಗಿರುತ್ತದೆ, ಅದಕ್ಕೇ ಕುಕ್ಕುತ್ತದೆ. ಎತ್ತರ ಬದಲಾಯಿಸಿದಾಗೆಲ್ಲ ಅಲೈನ್‌ಮೆಂಟ್ (ಚಕ್ರಗಳ ಓರೆ ಸರಿಪಡಿಸುವುದು) ಮತ್ತೆ ಮಾಡಿಸಬೇಕು, ಇಲ್ಲವಾದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಮಳೆಗಾಲದ ಕೆಸರು ತಿರುಪಿನಲ್ಲಿ ಸೇರಿ ಬಳೆ ಕಚ್ಚಿಕೊಂಡರೆ ಆಮೇಲೆ ತಿರುಗುವುದೇ ಇಲ್ಲ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಓದಿತು. ರೇಸ್ ಟ್ರ್ಯಾಕಿಗೆ ಕಾರು ಒಯ್ಯುವವನಿಗೆ ಕಾಯಿಲೋವರ್ ಒಳ್ಳೇದೇ. ತಿರುವಿನಲ್ಲಿ ಕಾರು ವಾಲದೆ ನಿಲ್ಲುವ ಸುಖ ನನಗೂ ಗೊತ್ತು. ಆದರೆ ಇವನು ದಿನಕ್ಕೆ ನೂರು ಕಿಲೋಮೀಟರ್ ಮೇಲೆ ಓಡಿಸುತ್ತಾನೆ, ಶನಿವಾರ ನಮ್ಮಕ್ಕನನ್ನು ಕೂರಿಸಿಕೊಂಡು ಹೋಗುತ್ತಾನೆ, ಅಕ್ಕನಿಗೆ ಸೊಂಟನೋವು. ನಾಲ್ಕೂ ಶಾಕ್ ಹೊಸದು, ಜೊತೆಗೆ ಸವೆದ ರಬ್ಬರ್ ಬುಷ್‌ಗಳನ್ನು ಬದಲಾಯಿಸಿದರೆ ಕಾರು ಹೊಸದರ ಹಾಗೇ ಆಗುತ್ತದೆ.

ಈಗ ನನ್ನ ಪ್ರಶ್ನೆಗಳು. ‘ತಿರುಪು ಶಾಕ್’ ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಅಥವಾ ಕಾಯಿಲೋವರ್ ಅಂತಲೇ ಬಿಡಲೇ? ಲಾರಿ, ಬಸ್ಸುಗಳ ಪಟ್ಟಿ ಸ್ಪ್ರಿಂಗಿಗೆ ನಮ್ಮ ಕಡೆ ‘ಬ್ಲೇಡ್’ ಅನ್ನುತ್ತಾರೆ, ‘ಕಮಾನು ಪಟ್ಟಿ’ ಅಂತಲೂ ಕೇಳಿದ್ದೇನೆ, ಬಿಲ್ಲಿನ ಹಾಗೆ ಬಾಗಿರುವುದಕ್ಕೆ ಕಮಾನು ಚೆನ್ನಾಗಿದೆ. ಕಲಬುರಗಿ, ರಾಯಚೂರು ಕಡೆಯವರು, ಮಂಗಳೂರಿನವರು ಏನನ್ನುತ್ತಾರೆ? ‘ಕುಕ್ಕು’ ಅನ್ನುವುದಕ್ಕೆ ನಿಮ್ಮ ಗ್ಯಾರೇಜಿನಲ್ಲಿ ಬೇರೆ ಮಾತಿದ್ದರೆ ಅದು ನನಗೆ ಖಂಡಿತ ಬೇಕು. ನಿಘಂಟಿನ ಪದಕ್ಕಿಂತ ಮೊದಲು ನೀವು ಕಿವಿಯಾರೆ ಕೇಳಿದ ಮಾತು ಬರೆಯಿರಿ, ಯಾವ ಊರಲ್ಲಿ ಕೇಳಿದ್ದು ಅಂತಲೂ ಬರೆಯಿರಿ.

ಹುಡುಗ ಭಾನುವಾರ ಗ್ಯಾರೇಜಿಗೆ ಹೋಗುತ್ತಾನೆ. ಶನಿವಾರ ರಾತ್ರಿಯೊಳಗೆ ತಿದ್ದಿ ಕಳಿಸಬೇಕು.