ಅಬ್ರುಝೋದ ಹಳೆಯ ಕಲ್ಲಿನ ಮನೆ: ಸಿಮೆಂಟ್ ಗಿಲಾವು, ಕಾಂಕ್ರೀಟ್ ಚಾವಣಿ ಸರಿಯೇ?

ಕಣಿವೆವಾಸಿ (ಪ್ರಶ್ನೆ):
ಇಟಲಿಯಲ್ಲಿಯೇ ನೆಲೆಸಿರುವ ನಾವು ಅಬ್ರುಝೋ ಪ್ರದೇಶದ ಸುಲ್ಮೋನಾ ಪಟ್ಟಣದ ಸಮೀಪದ ಸಣ್ಣ ಊರೊಂದರ ಹಳೆಯ ಭಾಗದಲ್ಲಿ ಎರಡು ಅಂತಸ್ತಿನ ಕಲ್ಲಿನ ಮನೆಯನ್ನು ಕೊಳ್ಳುವ ಮಾತುಕತೆಯಲ್ಲಿದ್ದೇವೆ. ಹಿಂದೆ ದನಕರುಗಳನ್ನು ಕಟ್ಟುತ್ತಿದ್ದ ಕೆಳಗಿನ ಅಂತಸ್ತಿನಲ್ಲಿ ಸೊಂಟದೆತ್ತರದವರೆಗೆ ತೇವವಿದ್ದು, ಯಾರೋ ಬಳಿದಿರುವ ಸಿಮೆಂಟ್ ಗಿಲಾವು ಉಬ್ಬಿ ಉದುರುತ್ತಿದೆ. ಮಾಡಿನ ಚೆಸ್ಟ್‌ನಟ್ ಮರದ ತೊಲೆಗಳಲ್ಲಿ ಎರಡು ಬಾಗಿವೆ. ಗೋಡೆಗೆ ನೀರು ತಡೆಯುವ ಸಿಮೆಂಟ್ ಗಿಲಾವನ್ನು ಹೊಸದಾಗಿ ಮಾಡಿ, ಮರದ ಮಾಡನ್ನು ತೆಗೆದು ಕಾಂಕ್ರೀಟ್ ಚಾವಣಿ ಹಾಕಿದರೆ ಮನೆ ಗಟ್ಟಿಯಾಗುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಈ ಸಲಹೆಯನ್ನು ಒಪ್ಪಬಹುದೇ? ಕೆಲಸಕ್ಕೆ ಮೊದಲು ಯಾವ ಅನುಮತಿಗಳು ಬೇಕು?

ಸುಣ್ಣಗಾರೆ:
ಎರಡನ್ನೂ ಒಪ್ಪಬೇಡಿ. ಗಿಲಾವಿನ ವಿಷಯವನ್ನಷ್ಟೇ ನಾನು ಹೇಳುತ್ತೇನೆ. ಇಂತಹ ಗೋಡೆ ಸಾಮಾನ್ಯವಾಗಿ ಒಂದೇ ಗೋಡೆಯಲ್ಲ. ಒಳಗೊಂದು ಹೊರಗೊಂದು ಕಲ್ಲಿನ ಸಾಲು ಕಟ್ಟಿ, ನಡುವಿನ ಜಾಗಕ್ಕೆ ಚೂರುಗಲ್ಲು ಮತ್ತು ಸಡಿಲ ಗಾರೆಯನ್ನು ತುಂಬಿರುತ್ತಾರೆ. ಕೆಳಗೆ ತೇವ ತಡೆಯುವ ಪದರವಿಲ್ಲದ ಕಾರಣ ನೆಲದ ನೀರು ಗೋಡೆಯೊಳಗೆ ಏರುತ್ತದೆ. ಸುಣ್ಣದ ಗಾರೆಯಿದ್ದಾಗ ಆ ನೀರು ಗೋಡೆಯ ಮೈಯಿಂದಲೇ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಬಳಿದರೆ ದಾರಿ ಮುಚ್ಚಿದ ನೀರು ಇನ್ನೂ ಮೇಲಕ್ಕೆ ಏರುತ್ತದೆ, ಅದರೊಂದಿಗೆ ಬಂದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ತಳ್ಳುತ್ತವೆ. ನೀವು ಕಂಡ ಉಬ್ಬು ಇದೇ ಇರಬೇಕು.

ಮೊದಲು ಹೊರಗಿನಿಂದ ನೋಡಿ: ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಬೀದಿಯ ಮಟ್ಟ ಕಾಲಕ್ರಮದಲ್ಲಿ ಒಳನೆಲಕ್ಕಿಂತ ಮೇಲೇರಿದೆಯೇ ಎಂಬುದನ್ನು ಪರೀಕ್ಷಿಸದೆ ಒಳಗೆ ಹಣ ಸುರಿಯುವುದು ವ್ಯರ್ಥ. ಆಮೇಲೆ ಸಿಮೆಂಟನ್ನು ಪೂರ್ತಿ ಕೆತ್ತಿ ತೆಗೆಸಿ, ಕನಿಷ್ಠ ಒಂದು ಬೇಸಿಗೆಯಾದರೂ ಗೋಡೆ ಒಣಗಲು ಬಿಟ್ಟು, ನೈಸರ್ಗಿಕ ಹೈಡ್ರಾಲಿಕ್ ಸುಣ್ಣದ (ತೇವದಲ್ಲೂ ಗಟ್ಟಿಯಾಗುವ ಸುಣ್ಣ) ಗಾರೆಯನ್ನೇ ಬಳಸಿ. ನೆಲವನ್ನು ಅಗೆಯುವುದಾದರೆ ಕೆಳಗೆ ಗಾಳಿಯಾಡುವ ಟೊಳ್ಳು ಬಿಡಿಸಿ. ಇಲ್ಲಿ ಅದಕ್ಕೆ ವೆಸ್ಪಾಯೊ ಎನ್ನುತ್ತಾರೆ. ಅದನ್ನು ಬಿಟ್ಟು ಪ್ಲಾಸ್ಟಿಕ್ ಹಾಳೆ ಹಾಸಿ ನೆಲವನ್ನಷ್ಟೇ ಮುಚ್ಚಿದರೆ ತೇವ ಗೋಡೆಯ ಕಡೆಗೆ ತಿರುಗುತ್ತದೆ.

ತೊಲೆಜಂತಿ:
ನಾನು ಕಟ್ಟಡ ಎಂಜಿನಿಯರ್. ಚಾವಣಿಯ ಸಲಹೆ ನನಗೆ ಗಿಲಾವಿಗಿಂತ ಹೆಚ್ಚು ಆತಂಕ ತರುತ್ತದೆ. ಸುಲ್ಮೋನಾ 1706ರ ಭೂಕಂಪದಲ್ಲಿ ನೆಲಸಮವಾದಷ್ಟು ಹಾನಿಗೊಳಗಾದ ಊರು, 2009ರ ಏಪ್ರಿಲ್‌ನ ಭೂಕಂಪದಲ್ಲಿ ಇದೇ ಪ್ರದೇಶದ ಲಾಕ್ವಿಲಾ ನಗರಕ್ಕೆ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಮರದ ಮಾಡನ್ನು ತೆಗೆದು ಭಾರವಾದ ಕಾಂಕ್ರೀಟನ್ನು ದುರ್ಬಲ ಕಲ್ಲುಗೋಡೆಯ ಮೇಲೆ ಹೊರಿಸಿದ ಮನೆಗಳು 1997ರ ಉಂಬ್ರಿಯಾ-ಮಾರ್ಕೆ ಭೂಕಂಪದಲ್ಲಿ ಹೇಗೆ ವರ್ತಿಸಿದವು ಎಂಬುದನ್ನು ಕಂಡ ನಂತರವೇ ಇಲ್ಲಿನ ತಜ್ಞರು ಆ ಪದ್ಧತಿಯಿಂದ ಹಿಂದೆ ಸರಿದದ್ದು. ಮೇಲಿನ ಭಾರ ಹೆಚ್ಚಿದಷ್ಟೂ ಕಂಪನದ ಬಲವೂ ಹೆಚ್ಚುತ್ತದೆ, ಆದರೆ ಕೆಳಗಿನ ಗೋಡೆ ಅದೇ ಹಳೆಯ ಗೋಡೆ.

ಬಾಗಿದ ಎರಡು ತೊಲೆಗಳನ್ನು ಬದಲಾಯಿಸಿ, ಮಾಡನ್ನು ಹಗುರವಾಗಿಯೇ ಉಳಿಸಿ, ಗೋಡೆಗಳಿಗೆ ಅದನ್ನು ಬಿಗಿಯಾಗಿ ಕಟ್ಟುವುದು ಮೇಲು. ಎದುರುಬದುರಿನ ಗೋಡೆಗಳನ್ನು ಎಳೆದು ಹಿಡಿಯುವ ಕಬ್ಬಿಣದ ಸರಳುಗಳನ್ನು, ಅಂದರೆ ಕಾತೆನೆಗಳನ್ನು, ಹಾಕಿಸಿ. ಹಳೆಯ ಬೀದಿಗಳ ಗೋಡೆಗಳ ಮೇಲೆ ಕಾಣುವ ಕಬ್ಬಿಣದ ಬಿಲ್ಲೆಗಳು ಇವುಗಳ ತುದಿಗಳೇ. ನಿಮ್ಮ ಮನೆ ನೆರೆಮನೆಗಳೊಂದಿಗೆ ಗೋಡೆ ಹಂಚಿಕೊಂಡಿದ್ದರೆ, ಲೆಕ್ಕಾಚಾರ ಇಡೀ ಮನೆಸಾಲಿನದ್ದಾಗಬೇಕು.

ಸುಣ್ಣಗಾರೆ:
ಒಂದು ತಕರಾರು: ಎಲ್ಲ ಕಾಂಕ್ರೀಟನ್ನೂ ದೂರುವುದು ಸರಿಯಲ್ಲವೆಂದು ಕಾಣುತ್ತದೆ. ಗೋಡೆಯ ತಲೆಯ ಮೇಲೆ ತೆಳುವಾದ ಪಟ್ಟಿಯೊಂದನ್ನು ಹಾಕಬಹುದಲ್ಲವೇ?

ತೊಲೆಜಂತಿ:
ಹಾಕಬಹುದು, ಆದರೆ ಉಕ್ಕಿನದೋ ಇಟ್ಟಿಗೆಯ ನಡುವೆ ಸರಳು ಹೂತದ್ದೋ ಆದರೆ ಹಗುರ. ಗೋಡೆಯನ್ನು ಕೊರೆದು ಅರ್ಧ ಅಗಲಕ್ಕೆ ದಪ್ಪ ಕಾಂಕ್ರೀಟ್ ಪಟ್ಟಿ ಕೂರಿಸುವುದನ್ನು ಮಾತ್ರ ಬೇಡವೆನ್ನುತ್ತೇನೆ. ಭಾರವೆಲ್ಲ ಗೋಡೆಯ ಒಂದೇ ಕಲ್ಲಿನ ಸಾಲಿಗೆ ಬಿದ್ದು ಇನ್ನೊಂದು ಸಾಲು ಕಳಚಿಕೊಳ್ಳುತ್ತದೆ.

ಕಡತಪ್ರಿಯ:
ಅನುಮತಿಗಳ ವಿಷಯಕ್ಕೆ ಬರುತ್ತೇನೆ. ರಚನೆಯನ್ನು ಮುಟ್ಟದ ಒಳಗಿನ ಬದಲಾವಣೆಗಳಿಗೆ ಸಾಮಾನ್ಯವಾಗಿ ಪುರಸಭೆಗೆ ಸಲ್ಲಿಸುವ ಚೀಲಾ ಎಂಬ ಘೋಷಣೆ ಸಾಕು. ತೊಲೆ, ಗೋಡೆ, ಚಾವಣಿಗಳ ಕೆಲಸಕ್ಕೆ ಶೀಯಾ ಎಂಬ, ಅದಕ್ಕಿಂತ ವಿವರವಾದ ಪ್ರಮಾಣೀಕೃತ ಘೋಷಣೆ ಬೇಕು, ಜೊತೆಗೆ ಭೂಕಂಪ ನಿಯಮದಂತೆ ರಚನಾ ವಿನ್ಯಾಸವನ್ನೂ ಪ್ರಾದೇಶಿಕ ಕಚೇರಿಗೆ ಸಲ್ಲಿಸಬೇಕು. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ 2004ರ ಸಾಂಸ್ಕೃತಿಕ ಸಂಪತ್ತಿನ ಸಂಹಿತೆಯಂತೆ ಸೊಪ್ರಿಂತೆಂದೆಂತ್ಸಾ ಎಂಬ ಪರಂಪರೆ ಸಂರಕ್ಷಣಾ ಕಚೇರಿಯ ಒಪ್ಪಿಗೆಯೂ ಅಗತ್ಯ. ಇವನ್ನೆಲ್ಲ ಗುತ್ತಿಗೆದಾರರಿಗೆ ಬಿಡದೆ, ನೀವೇ ನೇಮಿಸಿದ ಜಿಯೋಮೆತ್ರಾ (ಅಳತೆ, ನಕ್ಷೆಗಳ ತಂತ್ರಜ್ಞ) ಅಥವಾ ಎಂಜಿನಿಯರ್ ಮೂಲಕ ಮಾಡಿಸಿ.

ವಾಸದ ಮನೆಯ ದುರಸ್ತಿಗೆ ಮೌಲ್ಯವರ್ಧಿತ ತೆರಿಗೆ ಬಹುಪಾಲು ಶೇ. 22ರ ಬದಲು ಶೇ. 10ರ ದರದಲ್ಲಿ ಬೀಳುತ್ತದೆ. 2025ರಲ್ಲಿ ಗರಿಷ್ಠ 96,000 ಯೂರೋಗಳ ಖರ್ಚಿನ ಮೇಲೆ, ಮುಖ್ಯ ವಾಸದ ಮನೆಗೆ ಶೇ. 50, ಉಳಿದವಕ್ಕೆ ಶೇ. 36 ಆದಾಯ ತೆರಿಗೆ ಕಡಿತವಿತ್ತು. ಅದು ಹತ್ತು ವಾರ್ಷಿಕ ಕಂತುಗಳಲ್ಲಿ ಬರುವುದರಿಂದ ಇಟಲಿಯಲ್ಲಿ ತೆರಿಗೆ ಕಟ್ಟುವವರಿಗಷ್ಟೇ ಉಪಯುಕ್ತ. ಹಣವನ್ನು ಇದಕ್ಕೆಂದೇ ಇರುವ ಬ್ಯಾಂಕ್ ವರ್ಗಾವಣೆಯಲ್ಲಿ ಪಾವತಿಸಿದರೆ ಮಾತ್ರ ಕಡಿತ ಸಿಗುತ್ತದೆ.

ಕಣಿವೆವಾಸಿ:
ಬಹಳ ಉಪಕಾರವಾಯಿತು. ಮೇಲಿನ ಅಂತಸ್ತಿನ ಸ್ನಾನಗೃಹ ಕತಾಸ್ತೊ (ಸರ್ಕಾರದ ಆಸ್ತಿ ನೋಂದಣಿ) ನಕ್ಷೆಯಲ್ಲಿಲ್ಲ. ಅದನ್ನು ಆಮೇಲೆ ಸರಿಪಡಿಸಿಕೊಳ್ಳಬಹುದೆಂದು ಮಾರಾಟಗಾರರು ಹೇಳುತ್ತಾರೆ.

ಕಡತಪ್ರಿಯ:
ಆಮೇಲೆ ಬೇಡ. ನಕ್ಷೆಗೂ ವಾಸ್ತವಕ್ಕೂ ಹೊಂದಿಕೆಯಿದೆ ಎಂಬ ಹೇಳಿಕೆ 2010ರಿಂದ ಮಾರಾಟಪತ್ರದಲ್ಲಿಯೇ ಇರಬೇಕು. ಕತಾಸ್ತೊ ನಕ್ಷೆ ಸರಿಯಾದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. ಪುರಸಭೆಯ ಕಡತವನ್ನೂ ನೋಡಬೇಕು. ಸಣ್ಣಪುಟ್ಟ ವ್ಯತ್ಯಾಸಗಳ ಸಕ್ರಮವನ್ನು 2024ರ ಸಾಲ್ವಾ ಕಾಝಾ ಆದೇಶ ಸುಲಭಗೊಳಿಸಿದೆ, ಆದ್ದರಿಂದ ನೋಟಾಯೊ (ಮಾರಾಟಪತ್ರ ಮಾಡಿಸುವ ನೋಟರಿ) ಎದುರಿನ ಅಂತಿಮ ಸಹಿಗೆ ಮೊದಲು ಮಾರಾಟಗಾರರೇ ತಮ್ಮ ಖರ್ಚಿನಲ್ಲಿ ಅದನ್ನು ಮುಗಿಸಬೇಕೆಂಬ ಷರತ್ತನ್ನು ಮುಂಗಡದ ಕರಾರಿನಲ್ಲಿ ಬರೆಸಿ. ಅವರು ಒಪ್ಪದಿದ್ದರೆ ಮುಂಗಡ ಕೊಡಬೇಡಿ.