ಕಾಫಿ ಬೊಡ್ಡೆ, ಸಿಲ್ವರ್ ಓಕ್ ಬಿಲ್ಲೆ: ಬಿರುಕಿಗೆ ಏನು ಮಾಡೋದು, ಬೆಲೆ ಹೇಗೆ ಕಟ್ಟೋದು?

ಮೂಡಿಗೆರೆಯವಳು:

ನಮಸ್ಕಾರ. ನಮ್ಮ ಸುತ್ತಿನ ತೋಟಗಳಲ್ಲಿ ಹಳೇ ರೋಬಸ್ಟಾ ಕಾಫಿ ಗಿಡ ಕಿತ್ತು ಹೊಸ ಗಿಡ ಹಾಕುವಾಗ ಬೊಡ್ಡೆಗಳು ರಾಶಿ ಬೀಳುತ್ತವೆ. ಹೆಚ್ಚಿನವು ಬಚ್ಚಲೊಲೆಗೆ ಹೋಗುತ್ತವೆ. ಅದರಲ್ಲಿ ಒಳ್ಳೆಯದನ್ನು ಆರಿಸಿ ತಂದು ಬೀಗದ ಕೈ ನೇತುಹಾಕುವ ಹಲಗೆ, ದೀಪದ ಸ್ಟ್ಯಾಂಡು, ಮನೆ ಹೆಸರಿನ ಬೋರ್ಡು ಮಾಡುತ್ತೇನೆ. ತೋಟಕ್ಕೆ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರ ಕಡಿದಾಗ ಸಿಗುವ ತುಂಡುಗಳನ್ನು ಅಡ್ಡಕ್ಕೆ ಕೊಯ್ದು ಲೋಟ ಇಡುವ ಬಿಲ್ಲೆ, ಗೋಡೆ ಗಡಿಯಾರ ಮಾಡುತ್ತೇನೆ. ಮನೆ ಹಿಂದಿನ ಕೊಟ್ಟಿಗೆಯೇ ವರ್ಕ್‌ಶಾಪು. ಗ್ರೈಂಡರ್, ಸಣ್ಣ ಬ್ಯಾಂಡ್‌ಸಾ, ಸ್ಯಾಂಡರ್, ನಾಲ್ಕಾರು ಉಳಿ, ಇಷ್ಟೇ ಸಾಮಾನು.

ಕಾಫಿ ಮರದ ಮೇಲೆ ನನಗೆ ತುಂಬಾ ಅಕ್ಕರೆ. ಸಿಪ್ಪೆ ಸುಲಿದರೆ ಒಳಗೆ ಕೆನೆ ಬಣ್ಣ. ವರ್ಷವರ್ಷ ರೆಂಬೆ ಸವರುವ ಕತ್ತರಿ ಬಿದ್ದ ಕಡೆಯಲ್ಲೆಲ್ಲ ಗಂಟು, ಗಂಟಿನ ಸುತ್ತ ಎಳೆ ತಿರುಗಿಕೊಂಡಿರುತ್ತದೆ. ನುಣ್ಣಗೆ ಉಜ್ಜಿ ಎಣ್ಣೆ ಸವರಿದಾಗ ಆ ಎಳೆ ಎದ್ದು ಬರುವುದನ್ನು ನೋಡೋಕೇ ಈ ಕೆಲಸ ಹಿಡಿದೆ ಅನ್ನಬಹುದು. ಅದನ್ನು ಸಮ ಮಾಡಿ, ಬಣ್ಣ ಬಳಿದು, ಅಂಗಡಿ ಸಾಮಾನಿನ ಹಾಗೆ ಮಾಡಲು ನನಗೆ ಇಷ್ಟವಿಲ್ಲ.

ತೊಂದರೆ ಎರಡು. ಒಂದು, ಬಿಲ್ಲೆಗಳು ಸೀಳುತ್ತಿವೆ. ನಮ್ಮಲ್ಲಿ ಮಳೆಗಾಲವಿಡೀ ಒಂದು ಗೀಟೂ ಬೀಳದೆ ಇದ್ದ ಗಡಿಯಾರ ಬೆಂಗಳೂರಿನ ಏಸಿ ಫ್ಲ್ಯಾಟಿಗೆ ಹೋದ ಮೇಲೆ ಅಂಚಿನಿಂದ ನಡುವಿನವರೆಗೆ ಬಾಯಿ ಬಿಟ್ಟಿದೆ. ತೊಗಟೆಯೂ ಕಳಚಿಕೊಂಡಿದೆ ಅಂತ ಗಿರಾಕಿ ಫೋಟೋ ಕಳಿಸಿದ್ದಾರೆ. ಎರಡು, ಬೆಲೆ. ಇಲ್ಲಿನ ಹೋಂಸ್ಟೇಗಳಲ್ಲಿ ಇಟ್ಟರೆ "ಸೌದೆ ತುಂಡಿಗೆ ಐನೂರಾ?" ಅನ್ನುತ್ತಾರೆ. ಬೆಂಗಳೂರಿನ ಒಂದು ಅಂಗಡಿಯವರು ಮಾರಾಟವಾದ ಮೇಲೆ ದುಡ್ಡು ಕೊಡುತ್ತೇವೆ, ನಮಗೆ ಶೇ 40 ಬಿಡಿ ಅಂತಿದ್ದಾರೆ. ಒಪ್ಪಿದರೆ ಕೂಲಿಯಾದರೂ ಗಿಟ್ಟುತ್ತದೋ ಇಲ್ಲವೋ ಲೆಕ್ಕ ಹತ್ತುತ್ತಿಲ್ಲ.

ಇನ್ನೊಂದು ವಿಷಯ. ನೆಂಟರೊಬ್ಬರ ತೋಟದಲ್ಲಿ ಗಾಳಿಗೆ ಬಿದ್ದ ಬೀಟೆಯ ಬುಡ ಇದೆ, ಬೇಕಾದರೆ ತಗೊಂಡು ಹೋಗು ಅಂತಿದ್ದಾರೆ. ತರಬಹುದಾ?

ಶಿರಸಿ ಬಡಗಿ:

ತಂಗಿ, ಮೊದಲು ಬಿರುಕಿನ ಮಾತು. ನಿಮ್ಮ ಕೆಲಸದಲ್ಲಿ ಕೊರತೆ ಇದೆ ಅಂತ ಅಲ್ಲ, ಅಡ್ಡ ಕೊಯ್ದ ಬಿಲ್ಲೆಯ ಹಣೆಬರಹವೇ ಅದು. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಉಂಗುರದ ಸುತ್ತಳತೆಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತದೆ. ಸುತ್ತು ಬಿಗಿಯುತ್ತಾ ಬರುತ್ತದೆ, ನಡು ಅಷ್ಟು ಜಾಗ ಬಿಟ್ಟುಕೊಡುವುದಿಲ್ಲ. ಕೊನೆಗೆ ಎಲ್ಲೋ ಒಂದು ಕಡೆ ಹರಿಯಲೇಬೇಕು. ಅದಕ್ಕೇ ಸೀಳು ಯಾವಾಗಲೂ ಅಂಚಿನಲ್ಲಿ ಅಗಲ, ತಿರುಳಿನ ಹತ್ತಿರ ಚೂಪು.

ಇನ್ನು ನಿಮ್ಮ ಗಡಿಯಾರ ಮೂಡಿಗೆರೆಯಲ್ಲಿ ಸುಮ್ಮನಿದ್ದು ಬೆಂಗಳೂರಲ್ಲಿ ಯಾಕೆ ಸೀಳಿತು? ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ಎಷ್ಟೇ ಒಣಗಿಸಿದರೂ ಶೇ 18ರ ಆಸುಪಾಸು ತೇವ ಹಿಡಿದುಕೊಂಡೇ ಇರುತ್ತದೆ. ಏಸಿ ಕೋಣೆಯಲ್ಲಿ ಅದೇ ಮರ ಶೇ 9ಕ್ಕೋ 10ಕ್ಕೋ ಇಳಿಯುತ್ತದೆ. ಉಳಿದ ಅರ್ಧ ಒಣಗುವಿಕೆ ಗಿರಾಕಿಯ ಗೋಡೆಯ ಮೇಲೆ ನಡೆದಿದೆ. ಅದು ನಿಮ್ಮ ಕೊಟ್ಟಿಗೆಯಲ್ಲೇ ಮುಗಿಯಬೇಕು.

ನಾನು ಮಾಡುವ ಕ್ರಮ ಹೇಳುತ್ತೇನೆ. ಮರ ತಂದ ದಿನವೇ ಎರಡೂ ತುದಿಗೆ ಮೇಣವನ್ನೋ ಮಿಕ್ಕಿದ ಪೇಂಟನ್ನೋ ದಪ್ಪಗೆ ಬಳಿಯಬೇಕು. ತುದಿಯಿಂದ ನೀರು ಬಲು ಬೇಗ ಹೊರಡುತ್ತದೆ, ಸೀಳು ಅಲ್ಲಿಂದಲೇ ಶುರು. ಹಲಗೆ ಮಾಡುವುದಾದರೆ ತಿರುಳು ಬಿಟ್ಟು ಕೊಯ್ಯಿರಿ, ನಡುನಡುವೆ ರೀಪು ಕೊಟ್ಟು ನೆರಳಲ್ಲಿ ಗಾಳಿ ಆಡುವಂತೆ ಪೇರಿಸಿ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಬಡಗಿಗಳ ಲೆಕ್ಕ, ನಮ್ಮ ಕಡೆಯ ಮಳೆಗೆ ಅದಕ್ಕಿಂತ ಹೆಚ್ಚೇ ಬೇಕು. ಅಡಿಕೆ ಒಣಗಿಸುವ ಡ್ರೈಯರ್ ಖಾಲಿ ಇದ್ದರೆ ಅದರೊಳಗೆ ಇಡೋಣ ಅನ್ನುವವರಿದ್ದಾರೆ. ಹಸಿ ಮರ ಇಡಬೇಡಿ, ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿದು ಆಮೇಲೆ ಇನ್ನೂ ಕೆಟ್ಟದಾಗಿ ಒಡೆಯುತ್ತದೆ. ಕೊನೆಯ ಹಂತಕ್ಕೆ ಹಳೇ ಮರದ ಕಪಾಟು ಸಾಕು: ಒಳಗೆ 60 ವ್ಯಾಟಿನ ಹಳೇ ಬಲ್ಬು, ಕೆಳಗೆ ಮೇಲೆ ತೂತು, ಮರಕ್ಕೂ ಬಲ್ಬಿಗೂ ನಡುವೆ ಚೆನ್ನಾಗಿ ಅಂತರ.

ಒಣಗಿದೆಯೋ ಇಲ್ಲವೋ ನೋಡಲು ಮೀಟರ್ ಸಿಗುತ್ತದೆ, ಎರಡು ಸೂಜಿ ಚುಚ್ಚುವಂಥದ್ದು. ಅದಿಲ್ಲದೆಯೂ ತಿಳಿಯಬಹುದು. ಅಡುಗೆಮನೆಯ ತೂಕದ ಯಂತ್ರದಲ್ಲಿ ತುಂಡನ್ನು ತೂಗಿ ಹಿಂಬದಿಯಲ್ಲೇ ಪೆನ್ಸಿಲಿನಿಂದ ಗ್ರಾಂ, ತಾರೀಖು ಬರೆಯಿರಿ. ವಾರ ಬಿಟ್ಟು ಮತ್ತೆ ತೂಗಿ. 412, 396, 389, 388, 388, ಹೀಗೆ ಬಂದು ನಿಂತರೆ ಆ ಕಪಾಟಿನ ಗಾಳಿಗೆ ಅದು ಒಗ್ಗಿತು ಅಂತ ಅರ್ಥ. ಆಮೇಲೇ ಉಜ್ಜಿ, ಎಣ್ಣೆ ಹಾಕಿ.

ದೊಡ್ಡ ಬಿಲ್ಲೆಗೆ ಇನ್ನೊಂದು ಉಪಾಯ ಇದೆ. ಹಸಿಯಾಗಿರುವಾಗಲೇ ಅಂಚಿನಿಂದ ತಿರುಳಿನವರೆಗೆ ನೀವೇ ಒಂದು ಗರಗಸದ ಗೀಟು ಹಾಕಿಬಿಡಿ. ಒಣಗುತ್ತಾ ಅದೊಂದೇ ಜಾಗ ತೆರೆದುಕೊಳ್ಳುತ್ತದೆ, ಬೇರೆ ಕಡೆ ಒಡೆಯುವ ಸಂಭವ ಕಡಿಮೆ. ಪೂರ್ತಿ ಒಣಗಿದ ಮೇಲೆ ಆ ಸಂದಿಗೆ ಹಲಸಿನ ಬೆಣೆ ಕೂರಿಸಿ. ನಸುಗೆಂಪು ಸಿಲ್ವರ್ ಓಕ್ ನಡುವೆ ಹಳದಿ ಬೆಣೆ ಬಹಳ ಲಕ್ಷಣವಾಗಿ ಕಾಣುತ್ತದೆ. ಹನ್ನೆರಡು ಗಂಟೆಯ ಜಾಗಕ್ಕೆ ಅದನ್ನೇ ಗುರುತು ಮಾಡಬಹುದು. ಲೋಟದ ಬಿಲ್ಲೆಗೆ ಮಾತ್ರ ಮೂರು ಇಂಚಿನೊಳಗಿನ ಕೊಂಬೆ ಆರಿಸಿ, ನೇರ ಅಡ್ಡಕ್ಕೆ ಕೊಯ್ಯುವ ಬದಲು ಓರೆಯಾಗಿ ಕೊಯ್ದು ನೋಡಿ. ಸೀಳು ಕಡಿಮೆ, ಆಕಾರವೂ ಚೆಂದ.

ತೊಗಟೆ ಬಿಡಬೇಡಿ, ಸುಲಿಯಿರಿ. ತೊಗಟೆ ಇದ್ದರೇ ಹಳ್ಳಿ ಸೊಗಡು ಅಂತ ಗಿರಾಕಿಗೆ ಅನ್ನಿಸಬಹುದು, ಆದರೆ ಹುಳು ಮೊಟ್ಟೆ ಇಡುವುದೇ ಅದರ ಸಂದಿನಲ್ಲಿ. ಸುಲಿದ ಅಂಚನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಏರಿಳಿತ ಎಲ್ಲ ಹಾಗೇ ಉಳಿಯುತ್ತದೆ.

ಮೂಡಿಗೆರೆಯವಳು:

ಅಣ್ಣಾ, ತುಂಬಾ ಉಪಕಾರವಾಯಿತು. ಬೆಣೆಯ ಉಪಾಯ ನಾಳೆಯೇ ಮಾಡಿ ನೋಡುತ್ತೇನೆ. ಹುಳುವಿನ ಬಗ್ಗೆ ಒಂದು ಕೇಳಬೇಕಿತ್ತು. ಅರೇಬಿಕಾ ಬೊಡ್ಡೆಯೂ ಸಿಗುತ್ತದೆ, ಕಾಂಡಕೊರಕ ಬಿದ್ದು ಕಿತ್ತಿದ್ದು. ಒಳಗೆ ಹುಳು ಕೊರೆದ ದಾರಿಗಳು ಚಿತ್ತಾರದ ಹಾಗೆ ಕಾಣುತ್ತವೆ, ಅದನ್ನು ಕೇಳಿ ಕೊಳ್ಳುವವರೂ ಇದ್ದಾರೆ.

ಸೋಮವಾರಪೇಟೆ ತೋಟ:

ಅಕ್ಕಾ, ಈ ಕೊರಕದ ಬೊಡ್ಡೆ ವಿಷಯಕ್ಕೆ ನಾನು ಉತ್ತರ ಹೇಳಲೇಬೇಕು, ನಾವು ಬೆಳೆಗಾರರು. ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡವನ್ನು ಕಿತ್ತು ಸುಡಬೇಕು ಅಂತ ಕಾಫಿ ಮಂಡಳಿ ಹೇಳುವುದು ಸುಮ್ಮನೆ ಅಲ್ಲ. ಮರಿಹುಳು ಕಾಂಡದೊಳಗೇ ಬೆಳೆದು, ಏಪ್ರಿಲ್–ಮೇ ಹೊತ್ತಿಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ದುಂಬಿಯಾಗಿ ಹೊರಗೆ ಹಾರುತ್ತದೆ. ನೀವು ಆ ಬೊಡ್ಡೆಯನ್ನು ಕೊಟ್ಟಿಗೆಯಲ್ಲಿ ಒಣಗಲು ಇಟ್ಟರೆ ಅದು ಅಲ್ಲಿಂದ ಹಾರಿ ಪಕ್ಕದವರ ತೋಟಕ್ಕೆ ಹೋಗುತ್ತದೆ. ದಯವಿಟ್ಟು ಹಸಿ ಬೊಡ್ಡೆ ಊರಿಂದೂರಿಗೆ ಸಾಗಿಸಬೇಡಿ. ರೋಬಸ್ಟಾ ಹಿಡಿದಿದ್ದೀರಿ, ಅದನ್ನೇ ಮುಂದುವರಿಸಿ, ಅದಕ್ಕೆ ಈ ಹುಳುವಿನ ಕಾಟ ಅಷ್ಟಿಲ್ಲ. ಕೊರಕದ ಚಿತ್ತಾರ ಬೇಕೇ ಬೇಕು ಅಂದರೆ ಒಳಗಿನವರೆಗೂ ಬಿಸಿ ಮುಟ್ಟಬೇಕು. ರಫ್ತಿನ ಮರದ ಪೆಟ್ಟಿಗೆಗಳಿಗೆ ತುಂಡಿನ ನಡುವಿನ ಬಿಸಿ 56 ಡಿಗ್ರಿಗೆ ಬಂದು 30 ನಿಮಿಷ ನಿಲ್ಲಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಮನೆಯ ಬಲ್ಬಿನ ಕಪಾಟಿನಲ್ಲಿ ಅದು ಆಗುವ ಮಾತಲ್ಲ.

ಬೀಟೆ ಬುಡ ಬೇಡ. ಬೀಟೆ, ತೇಗ, ಶ್ರೀಗಂಧ ಸ್ವಂತ ಜಮೀನಿನಲ್ಲಿ ಬಿದ್ದಿದ್ದರೂ ಅರಣ್ಯ ಇಲಾಖೆಯ ಅನುಮತಿ, ಸಾಗಣೆಗೆ ಪಾಸು ಬೇಕು. ನೆಂಟರು ಪ್ರೀತಿಯಿಂದಲೇ ಕೊಟ್ಟಿರಬಹುದು, ದಾರಿಯಲ್ಲಿ ಗಾಡಿ ನಿಲ್ಲಿಸಿದರೆ ಉತ್ತರ ಹೇಳಬೇಕಾದವರು ನೀವು. ಅಪಾಯದಲ್ಲಿರುವ ಗಿಡ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲೂ ಬೀಟೆ 2017ರಿಂದ ಇದೆ, ನಾಳೆ ಹೊರದೇಶದ ಗಿರಾಕಿ ಸಿಕ್ಕರೆ ಅದೊಂದು ಬೇರೆ ರಗಳೆ. ಸಿಲ್ವರ್ ಓಕ್, ಕಾಫಿ ತಂದಾಗಲೂ ತೋಟದವರಿಂದ ಎರಡು ಸಾಲಿನ ಚೀಟಿ ಬರೆಸಿಕೊಳ್ಳಿ: ಯಾವ ತೋಟ, ಯಾವ ಮರ, ಎಷ್ಟು, ಯಾವ ದಿನ. ಮುಂದೆ ಅದೇ ಚೀಟಿ ಮಾರಾಟಕ್ಕೂ ಉಪಯೋಗ.

ಜಯನಗರದ ಕೈಕೆಲಸ:

ಮೇಲಿನವರು ಹೇಳಿದ ಆ ಚೀಟಿಯಿಂದಲೇ ನನ್ನ ಮಾತು ಶುರು ಮಾಡುತ್ತೇನೆ. ನಾನು ಬೆಂಗಳೂರಲ್ಲಿ ಕೈಕೆಲಸದ ಸಾಮಾನು ಮಾರುತ್ತೇನೆ. ಗಿರಾಕಿ "ಸೌದೆ ತುಂಡು" ಅನ್ನುವುದು ಅದರ ಹಿಂದಿನ ಕೆಲಸ ಅವರ ಕಣ್ಣಿಗೆ ಬೀಳದೆ ಇರುವುದರಿಂದ. ಪ್ರತಿ ತುಂಡಿಗೂ ಸಣ್ಣ ಕಾರ್ಡು ಕಟ್ಟಿ: ರೋಬಸ್ಟಾ ಬೊಡ್ಡೆ, ಮೂಡಿಗೆರೆ ತೋಟ, ಇಷ್ಟು ತಿಂಗಳು ಒಣಗಿಸಿದ್ದು. ಅಣ್ಣ ಹೇಳಿದ ಪೆನ್ಸಿಲ್ ತೂಕವನ್ನು ಹಿಂಬದಿಯಲ್ಲಿ ಅಳಿಸಲೇಬೇಡಿ. ನಾನು ಗಿರಾಕಿಗೆ ಅದನ್ನೇ ತಿರುಗಿಸಿ ತೋರಿಸುತ್ತೇನೆ.

ಈಗ ಲೆಕ್ಕ. ಬೀಗದ ಕೈ ಹಲಗೆಯನ್ನೇ ತಗೊಳ್ಳಿ, ನನ್ನ ಅಂದಾಜು ಹಾಕುತ್ತೇನೆ, ನಿಮ್ಮದನ್ನು ನೀವು ತುಂಬಿ. ಮರ, ಸಾಗಣೆ 40 ರೂಪಾಯಿ. ಹಿತ್ತಾಳೆ ಕೊಕ್ಕೆ 60. ಪಾಲಿಶ್ ಪೇಪರ್, ಎಣ್ಣೆ, ಮೇಣ 30. ಡಬ್ಬ, ಪ್ಯಾಕಿಂಗು 50. ಇಲ್ಲಿಗೆ 180. ನಿಮ್ಮ ಕೈಗೆಲಸ ಎರಡೂವರೆ ಗಂಟೆ ಅಂತ ಇಟ್ಟುಕೊಳ್ಳಿ, ಗಂಟೆಗೆ 120ರ ಹಾಗೆ 300. ಕರೆಂಟು, ಬ್ಲೇಡು, ಸೀಳಿ ಹಾಳಾಗುವ ತುಂಡುಗಳ ಪಾಲು 70. ಒಟ್ಟು 550 ನಿಮ್ಮ ಅಸಲು. ಅದರ ಮೇಲೆ ನೂರು ರೂಪಾಯಿ ವ್ಯವಹಾರಕ್ಕೆ ಅಂತ ಇಟ್ಟರೆ 650. ಅಂಗಡಿಗೆ ಶೇ 40 ಬಿಟ್ಟು ನಿಮ್ಮ ಕೈಗೆ 650 ಬರಬೇಕಾದರೆ ಅಲ್ಲಿ ಬೆಲೆ 1,100 ಇರಲೇಬೇಕು. ಐನೂರಕ್ಕೆ ಮಾರಿದರೆ ನೀವು ಕೂಲಿಯಲ್ಲೇ ಕಳೆದುಕೊಳ್ಳುತ್ತಿದ್ದೀರಿ ಅಂತ ಆಯಿತು. ಹೋಂಸ್ಟೇಯಲ್ಲೂ ಅದೇ 1,100 ಇಡಿ. ಅಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಗೊತ್ತಾದರೆ ಇಲ್ಲಿನ ಅಂಗಡಿಯವರು ಮತ್ತೆ ಕರೆಯುವುದಿಲ್ಲ.

ಶೇ 40 ಕೇಳುವುದು ತಪ್ಪಲ್ಲ, ಇಲ್ಲಿನ ಬಾಡಿಗೆ ಹಾಗಿದೆ. ಆದರೆ ಮಾರಿದ ಮೇಲೆ ದುಡ್ಡು ಅನ್ನುವುದಾದರೆ ಕಾಗದದಲ್ಲಿ ಇರಲಿ: ಯಾವ ಯಾವ ತುಂಡು ಕೊಟ್ಟಿರಿ, ತಿಂಗಳ ಯಾವ ತಾರೀಖಿಗೆ ಲೆಕ್ಕ, ಅಲ್ಲಿ ಒಡೆದರೆ ಕಳುವಾದರೆ ಅವರದೇ ಹೊಣೆ, ಮೂರು ತಿಂಗಳಲ್ಲಿ ಹೋಗದ್ದು ಅವರ ಖರ್ಚಲ್ಲಿ ವಾಪಸ್. ಇಷ್ಟಕ್ಕೆ ಒಪ್ಪದವರಿಗೆ ಸಾಮಾನು ಕೊಡಬೇಡಿ. ನನ್ನ ಕೇಳಿದರೆ, ಮೊದಲ ಸಲ ಹತ್ತು ತುಂಡಾದರೂ ನಗದಿಗೆ ಕೊಳ್ಳುವಂತೆ ಹೇಳಿ, ಅದಕ್ಕೆ ಬೇಕಾದರೆ ಸ್ವಲ್ಪ ಇಳಿಸಿ. ದುಡ್ಡು ಹಾಕಿದವರು ಕಣ್ಣಿಗೆ ಕಾಣುವ ಕಡೆ ಇಡುತ್ತಾರೆ.

ಸಾಮಾನು ಕೊಳ್ಳಲು ದುಡ್ಡು ಬೇಕಿದ್ದರೆ ಕೈಕಸುಬಿನವರಿಗೆ ಅಂತ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಮರಗೆಲಸವೂ ಇದೆ. ಉಪಕರಣಕ್ಕೆ 15,000 ರೂಪಾಯಿ, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ 5ರ ಬಡ್ಡಿಗೆ ಸಾಲ. ನಿಮ್ಮ ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬಹುದು.

ಮೂಡಿಗೆರೆಯವಳು:

ಅಕ್ಕಾ, ಕೂತು ನನ್ನ ಲೆಕ್ಕ ಹಾಕಿದೆ. ನನ್ನ ಅಸಲು 590ಕ್ಕೆ ಬಂತು, ಉಜ್ಜುವುದಕ್ಕೇ ಹೊತ್ತು ಹೆಚ್ಚು ಹಿಡಿಯುತ್ತದೆ. ಬೆಲೆ 1,150 ಮಾಡಿ ಅಂಗಡಿಯವರಿಗೆ ನಿಮ್ಮ ನಾಲ್ಕೂ ಷರತ್ತು ಬರೆದು ಕಳಿಸಿದ್ದೇನೆ. ಬೀಟೆ ಬೇಡ ಅಂತ ನೆಂಟರಿಗೂ ಹೇಳಿಯಾಯಿತು. ಸೀಳಿದ ಗಡಿಯಾರದ ಗಿರಾಕಿಗೆ ಬೆಣೆ ಕೂರಿಸಿದ ಹೊಸದನ್ನು ಕಳಿಸುತ್ತೇನೆ, ಒಣಗುವವರೆಗೆ ಕಾಯಲು ಒಪ್ಪಿದ್ದಾರೆ. ಎಣ್ಣೆಗೆ ಈಗ ಅಗಸೆ ಎಣ್ಣೆ, ಜೇನುಮೇಣ ಬಳಸುತ್ತಿದ್ದೇನೆ. ಸರಿಯಾ?

ಶಿರಸಿ ಬಡಗಿ:

ಸರಿ ಇದೆ ತಂಗಿ. ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆದು, ಒಣಗಿದ ಮೇಲೆ ಮತ್ತೊಂದು ಕೈ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅದು ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ಸಿಲ್ವರ್ ಓಕ್ ಉಜ್ಜುವಾಗ ತುಂಬು ತೋಳಿನ ಅಂಗಿ, ಒಳ್ಳೆಯ ಮಾಸ್ಕು ಹಾಕಿಕೊಳ್ಳಿ, ಅದರ ಪುಡಿಗೆ ಕೆಲವರಿಗೆ ಮೈ ತುರಿಸಿ ಗುಳ್ಳೆ ಏಳುತ್ತದೆ. ಮತ್ತೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಿಮ್ಮ ಕೊಟ್ಟಿಗೆಯ ತುಂಬ ಹೊಟ್ಟು ಇರುತ್ತದೆ. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಹರವಿ, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಟ್ಟು ಮುಚ್ಚಿ.