ಸಹಾಯ ಬೇಕು: ಸಿಡಿಕೆ2 ಯಾಕೆ ಸುಮ್ನೆ ಕೂತಿರತ್ತೆ?

ನಮಸ್ಕಾರ, ಎಂಎಸ್ಸಿ ಬಯೋಕೆಮಿಸ್ಟ್ರಿ ಮಾಡ್ತಿದೀನಿ, ಸೋಮವಾರ ಸೆಮಿನಾರ್, ಒಂದು ಕಡೆ ಸಿಕ್ಕಾಕೊಂಡಿದೀನಿ. ವಿಷಯ ಕೈನೇಸ್‌ಗಳು, ಅಂದ್ರೆ ಎಟಿಪಿಯಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನ್‌ಗೆ ಅಂಟಿಸೋ ಎಂಜೈಮ್‌ಗಳು; ಸಿಡಿಕೆ2 ಅದ್ರಲ್ಲಿ ಒಂದು. ಇಮಾಟಿನಿಬ್ (ಕ್ಯಾನ್ಸರ್ ಔಷಧಿ) ಕೂತಿರೋ ಏಬಲ್ ಕೈನೇಸ್‌ನಲ್ಲಿ ಡಿಎಫ್‌ಜಿ (ಎಟಿಪಿ ಕೂರೋ ಜಾಗದ ಹತ್ರ ಇರೋ ಮೂರು ಅಮೈನೋ ಆಮ್ಲಗಳ ತುಣುಕು) ಹೊರಕ್ಕೆ ತಿರುಗಿರತ್ತೆ, ಅದಕ್ಕೇ ಕೆಲಸ ನಿಂತಿದೆ, ಅಷ್ಟು ಅರ್ಥ ಆಯ್ತು. ಆದ್ರೆ ಒಂಟಿ ಸಿಡಿಕೆ2 (ಜೊತೆಗಾರ ಪ್ರೋಟೀನ್ ಸೈಕ್ಲಿನ್ ಇಲ್ದೇ ಇರೋದು) ನೋಡಿದ್ರೆ ಡಿಎಫ್‌ಜಿ ಒಳಗೇ ಇದೆ, ಎಟಿಪಿನೂ ಕೂತಿದೆ, ಆದ್ರೂ ಎಂಜೈಮ್ ಆಫ್! ಸಿ-ಹೆಲಿಕ್ಸ್ (ಎಂಜೈಮ್‌ನ ಒಂದು ಸುರುಳಿ ಭಾಗ) ಹೊರಗೆ ವಾಲಿ ಗ್ಲುಟಮೇಟ್ 51 (ಅಂದ್ರೆ 51ನೇ ಅಮೈನೋ ಆಮ್ಲ), ಲೈಸಿನ್ 33 ಕೈ ಬಿಟ್ಟಿರೋದ್ರಿಂದ ಎಟಿಪಿಯ ಫಾಸ್ಫೇಟ್‌ಗಳು ಸರಿಯಾಗಿ ಕೂರಲ್ಲ, ಸೈಕ್ಲಿನ್ ಎ ಬಂದು ಹೆಲಿಕ್ಸ್‌ನ ಒಳಗೆ ತಳ್ಳಿದ್ಮೇಲೆ ಸರಿಹೋಗತ್ತೆ ಅನ್ಕೊಂಡಿದೀನಿ, ಸರಿನಾ? ಹಾಗಾದ್ರೆ ಥ್ರಿಯೋನಿನ್ 160ಕ್ಕೆ ಮತ್ತೆ ಫಾಸ್ಫೇಟ್ ಯಾಕೆ, ಸಬ್‌ಸ್ಟ್ರೇಟ್ (ಫಾಸ್ಫೇಟ್ ಅಂಟಿಸ್ಕೊಳ್ಳೋ ಪ್ರೋಟೀನ್) ಕೂರೋ ಜಾಗ ಸರಿ ಮಾಡೋಕಾ? ಪೈಮಾಲ್‌ನಲ್ಲಿ (ಪ್ರೋಟೀನ್ ರಚನೆ ತೋರಿಸೋ ಸಾಫ್ಟ್‌ವೇರ್) ಎರಡೂ ರಚನೆಗಳನ್ನ ಒಂದರ ಮೇಲೊಂದು ಇಟ್ಟು ನೋಡಿ ನೋಡಿ ಕಣ್ಣುರಿ ಬಂತು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.